ಬಿಳಿ ಬಟ್ಟೆ ಇಲ್ಲದ ಮನೆ

ಜೆರುಸಲೇಮ್
ಬುಧವಾರ, ೧೧ ನವೆಂಬರ್ ೧೯೫೩

ನನ್ನ ಜೋಯಾಳಿಗೆ ಅಮ್ಮನ ಮುತ್ತುಗಳು. ಬೇಡವಾದರೆ ಈ ಸಾಲನ್ನು ಬಿಟ್ಟು ಮುಂದೆ ಓದು.

ಈಗ ಸಂಜೆ ಐದು ಗಂಟೆ. ಮಳೆ ನಿಂತಿದೆ. ಬೆಳಿಗ್ಗೆ ಆರೂವರೆಗೆ, ನನ್ನ ಜೊತೆ ಸತ್ತವರನ್ನು ತೊಳೆಯುವ ವೀದಾ ಬಂದು ಕಿಟಕಿ ತಟ್ಟಿ, ನಿನ್ನ ಅತ್ತೆ ಫೋರ್ತೂನಾ ತೀರಿಕೊಂಡ ಸುದ್ದಿ ಹೇಳಿದಳು. ಒಂಬತ್ತಕ್ಕೆ ತೊಳೆದೆವು, ಹತ್ತಕ್ಕೆ ಉಡಿಸಿದೆವು, ಹನ್ನೊಂದೂವರೆಗೆ ಗಂಡಸರು ಹೊತ್ತುಕೊಂಡು ಹೋದರು. ಮನೆಗೆ ಬಂದು ಕೈ ತೊಳೆದು ಒಂದು ತುಂಡು ಬ್ರೆಡ್ಡು, ನಾಲ್ಕು ಆಲಿವ್ ಕಾಯಿ ತಿಂದೆ. ಆಮೇಲೆ ಕಾಗದ ತೆಗೆದುಕೊಂಡು ಕೂತವಳು ಎರಡು ಸಲ ಬರೆದು ಹರಿದೆ. ಇದು ಮೂರನೆಯದು. ಹುಡುಗಿಯರ ಶಾಲೆಯಲ್ಲಿ ನಾಲ್ಕು ವರ್ಷ ಕಲಿತದ್ದು ಬಿಟ್ಟರೆ ನನಗೆ ಬರವಣಿಗೆ ಗೊತ್ತಿಲ್ಲ. ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಿನ್ನ ಮನೆಗೂ ನನ್ನ ಮನೆಗೂ ನಡುವೆ ಎರಡು ಓಣಿ, ಒಂದು ಬಾವಿ. ಗಾಳಿ ಈ ಕಡೆ ಬೀಸಿದರೆ ನೀನು ಬದನೆಕಾಯಿ ಸುಡುವ ವಾಸನೆ ನನ್ನ ಅಂಗಳಕ್ಕೆ ಬರುತ್ತದೆ. ಇಷ್ಟು ಹತ್ತಿರ ಇರುವವಳಿಗೆ ಪತ್ರ ಬರೆಯುವುದು ನಗುವ ಮಾತು. ಆದರೆ ಈ ಹದಿನೈದು ವರ್ಷಗಳಲ್ಲಿ ನಿನ್ನ ಬಾಗಿಲ ತನಕ ಎಷ್ಟೋ ಸಲ ಬಂದಿದ್ದೇನೆ. ತಟ್ಟಲು ಕೈ ಬಂದಿಲ್ಲ. ಯಾರಾದರೂ ಎದುರಾದರೆ ಮಾರುಕಟ್ಟೆಗೆ ಹೊರಟಿದ್ದೆ ಎಂದು ಹೇಳಿ, ಬೇಡದ ಈರುಳ್ಳಿ ಕೊಂಡು ಹಿಂದಿರುಗಿದ್ದೇನೆ.

ಇವತ್ತು ನೀನು ಆಡಿದ ಒಂದು ಮಾತಿನಿಂದಾಗಿ ಬರೆಯುತ್ತಿದ್ದೇನೆ.

ತೊಳೆಯುವ ಕೋಣೆಯಿಂದ ನಾವು ನಾಲ್ವರು ಹೊರಗೆ ಬಂದಾಗ ನೀನು ಗೇಟಿನ ಹತ್ತಿರ ನೆನೆಯುತ್ತ ನಿಂತಿದ್ದೆ. ನಿನ್ನ ಗಂಡ ನಿಸ್ಸೀಮ್ ಒಳಗೆ ಗಂಡಸರ ಜೊತೆ ಇದ್ದ. ನಾನು ಎಂದಿನಂತೆ ಎರಡೂ ಅಂಗೈ ಬಿಚ್ಚಿ ಮುಂದೆ ಹಿಡಿದುಕೊಂಡು ಬಂದೆ. ನೀನು ನನ್ನ ಮುಖ ನೋಡಲಿಲ್ಲ. ಕೈ ನೋಡಿದೆ. ನಿನ್ನ ಕೂದಲಲ್ಲಿ ಬಿಳಿ ಎಳೆಗಳು ಬಂದಿವೆ ಎಂದು ನಾನು ಆಗಲೇ ಗಮನಿಸಿದ್ದು. ಆಮೇಲೆ ನೀನು ಮೆಲ್ಲಗೆ ಹೇಳಿದೆ. "ಕೈ ಇಳ್ಸಮ್ಮ. ನಿನ್ನ ಕೈಯಲ್ಲಿ ಏನೂ ಇಲ್ಲ ಅಂತ ನಂಗೆ ಗೊತ್ತು. ಯಾವತ್ತೂ ಇರ್ಲಿಲ್ಲ."

ಹದಿನೈದು ವರ್ಷದ ಮೇಲೆ ನೀನು ಆಡಿದ ಮೊದಲ ಮಾತು ಅದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ.

ಕೈ ಬಿಚ್ಚಿ ತೋರಿಸುವುದನ್ನು ನನಗೆ ಕಲಿಸಿದವಳು ನಿನ್ನ ಅಜ್ಜಿ ಸುಲ್ತಾನಾ. ನಿನಗೆ ಅವಳ ನೆನಪು ಅಷ್ಟಾಗಿ ಇರಲಾರದು, ನಿನಗೆ ಏಳು ತುಂಬುವ ಮೊದಲೇ ಹೋದಳು. ನಾನು ಹದಿನೆಂಟರ ಸೊಸೆಯಾಗಿ ಈ ಮನೆಗೆ ಬಂದಾಗ ಸತ್ತವರಿಗೆ ಉಡಿಸುವ ಬಟ್ಟೆಯ ಥಾನುಗಳು ಈಗ ಇರುವ ಇದೇ ಕೋಣೆಯಲ್ಲಿ ಇದ್ದವು. ಸತ್ತವರ ಕೆಲಸ ನೋಡಿಕೊಳ್ಳುವ ನಮ್ಮ ಸಮಾಜದವರು ಕೊಟ್ಟ ಬಿಳಿ ಲಿನನ್, ಎಲ್ಲರಿಗೂ ಒಂದೇ. ಬಡವಿಗೂ ಅದೇ, ಸಾಹುಕಾರನ ಹೆಂಡತಿಗೂ ಅದೇ. ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಹೊಲಿಯಲು ಕೂರುವವರ ಲಂಗಕ್ಕೆ ಜೇಬು ಇರಬಾರದು, ತೋಳು ಮೊಣಕೈವರೆಗೆ ಮಡಿಸಿರಬೇಕು, ಹೊರಗೆ ಬರುವಾಗ ಎರಡೂ ಅಂಗೈ ಅಂಗಳಕ್ಕೆ ತೋರಿಸಬೇಕು. ಮೊದಲನೆಯ ದಿನ ನಾನು ಸುಮ್ಮನೆ ಬಂದೆ. ಅಜ್ಜಿ ಕೂಗಿದಳು.

"ಕೈ ತೋರ್ಸು ಹುಡುಗಿ."

"ಯಾರಿಗೆ ತೋರಿಸ್ಲಿ ಅತ್ತೆ, ಅಂಗಳದಲ್ಲಿ ಬೆಕ್ಕು ಬಿಟ್ರೆ ಯಾರೂ ಇಲ್ಲ."

"ಬೆಕ್ಕಿಗೇ ತೋರ್ಸು. ದೇವ್ರಿಗೆ ಎಲ್ಲ ಗೊತ್ತು, ಅವನಿಗೇನೂ ತೋರಿಸ್ಬೇಕಾಗಿಲ್ಲ. ಪಕ್ಕದ್ಮನೆಯವಳಿಗೆ ಏನೂ ಗೊತ್ತಿಲ್ಲ. ಅವಳಿಗೆ ತೋರಿಸ್ಬೇಕು."

ಬೆಕ್ಕಿಗೆ ತೋರಿಸಿದೆ. ಅದು ಆಕಳಿಸಿತು. ಅಜ್ಜಿಯೂ ನಕ್ಕಳು. ಆಮೇಲೆ ಗಂಭೀರವಾಗಿ ಹೇಳಿದಳು: ದೇವರ ಮುಂದೆ ಶುದ್ಧವಾಗಿದ್ದರೆ ಅರ್ಧ ಮಾತ್ರ, ಜನರ ಮುಂದೆಯೂ ಶುದ್ಧವಾಗಿರಬೇಕು, ನಿನ್ನನ್ನು ಕಂಡು ಇನ್ನೊಬ್ಬಳಿಗೆ ಅನುಮಾನ ಬಂದರೆ ಆ ಅನುಮಾನದ ಪಾಪದಲ್ಲಿ ನಿನಗೂ ಪಾಲಿದೆ. ಈ ಕೊನೆಯ ಮಾತು ಆಗ ನನಗೆ ಅರ್ಥವಾಗಲಿಲ್ಲ.

ಈ ಮನೆಯಲ್ಲಿ ಬಿಳಿ ಬಟ್ಟೆ ಇಲ್ಲ ಎನ್ನುವುದನ್ನು ನೀನು ಕಣ್ಣು ಬಿಟ್ಟಾಗಿನಿಂದ ನೋಡಿದ್ದೀಯ. ಹಾಸಿಗೆಯ ಹೊದಿಕೆ, ಶಬ್ಬತ್ ದಿನದ ಮೇಜಿನ ಹಾಸು, ಅಪ್ಪನ ಅಂಗಿ, ಕರವಸ್ತ್ರ, ಎಲ್ಲವೂ ನೀಲಿ. ಅಂಗಡಿಯಿಂದ ಬಿಳಿ ಬಟ್ಟೆ ಬಂದರೆ ಮೊದಲು ನೀಲಿ ಬಣ್ಣ ಕಲಸಿದ ಹಂಡೆ, ಆಮೇಲೆ ಕತ್ತರಿ. ಓಣಿಯ ಮಕ್ಕಳು ನಮ್ಮದನ್ನು ನೀಲಿ ಮನೆ ಎಂದೇ ಕರೆಯುತ್ತಿದ್ದರು. ಈ ಮನೆಯಲ್ಲಿ ಬಿಳಿ ಕಂಡರೆ ಸತ್ತವರ ಬಟ್ಟೆ ಕದ್ದಿದ್ದಾರೆ ಅಂತಾರೆ, ಅದಕ್ಕೆ ಅಜ್ಜಿಯ ಕಟ್ಟಳೆ ಎಂದು ನಿನಗೆ ಹೇಳಿದ್ದೆ. ನೀನೂ ನಂಬಿದ್ದೆ.

ಆಮೇಲೆ ನಿನ್ನ ಮದುವೆ ಬಂತು.

ಆ ಬಿಳಿ ರೇಷ್ಮೆಯ ವಿಷಯ ನಾನು ಇಷ್ಟು ವರ್ಷ ಬಾಯಿಬಿಟ್ಟು ಹೇಳಿಲ್ಲ. ಯಾಫಾ ರಸ್ತೆಯ ದರ್ಜಿ ಅಂಗಡಿಯಲ್ಲಿ ಮೂರು ಚಳಿಗಾಲ ಗುಂಡಿ ಹೊಲಿದು ನೀನು ಅದನ್ನು ತಂದೆ. ಕಾಗದ ಬಿಚ್ಚಿ ಮೇಜಿನ ಮೇಲೆ ಹರಡಿದಾಗ ಕೋಣೆಯ ಗೋಡೆ ಬೆಳಗಿತು. ನಿನ್ನ ಅಪ್ಪ ಪೇಪರು ಕೆಳಗಿಟ್ಟು, "ನಮ್ಮನೇಲಿ ಹಿಮ ಬಿತ್ತಲ್ಲೇ" ಎಂದರು. ನಾನು ಹಂಡೆಗೆ ನೀರು ತುಂಬಲು ಎದ್ದೆ.

ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಅಂಗಡಿಯಿಂದ ತಂದಿದ್ದು ಅಂತ ಎಲ್ಲರಿಗೂ ಗೊತ್ತಲ್ಲಮ್ಮ. ವೀದಾ ಚಿಕ್ಕಮ್ಮ ನನ್ನ ಜೊತೇಲೇ ಇದ್ರು."

ನಾನು, "ವೀದಾ ಒಬ್ಬಳು ನೋಡಿದ್ಲು. ಮದುವೆಗೆ ಬರೋರು ಅಂಗಡಿ ನೋಡಿಲ್ಲ, ಬಟ್ಟೆ ನೋಡ್ತಾರೆ" ಎಂದೆ.

"ಲಿನನ್ ಯಾವ್ದು ರೇಷ್ಮೆ ಯಾವ್ದು ಅಂತ ಗೊತ್ತಾಗದಷ್ಟು ಕುರುಡರಾ ಅವರೆಲ್ಲ?"

"ದೂರದಿಂದ ಬಿಳಿ ಬಿಳಿಯೇ."

ಆಗ ನಿನಗೆ ಹಳೆಯ ಕಾಲದ ಆ ಸಂಗತಿ ಹೇಳಿದೆ. ಈ ಊರಿನ ದೊಡ್ಡ ದೇವಾಲಯ ಇನ್ನೂ ನಿಂತಿದ್ದ ಕಾಲದಲ್ಲಿ ಅಲ್ಲಿಗೆ ಧೂಪ ಅರೆದುಕೊಡುವ ಒಂದು ಮನೆತನವಿತ್ತು. ದೇವರ ಧೂಪವನ್ನು ಮೈಗೆ ಹಚ್ಚಿಕೊಂಡರು ಎಂದು ಯಾರೂ ಅನ್ನಬಾರದು ಎಂದು ಆ ಮನೆಯ ಮದುಮಗಳು ಪರಿಮಳವಿಲ್ಲದೆ ಹೊರಡುತ್ತಿದ್ದಳು. ಎಷ್ಟು ಹೆಮ್ಮೆಯಿಂದ ಹೇಳಿದೆ. ನೀನು ರೇಷ್ಮೆಯ ಅಂಚನ್ನು ಬೆರಳಲ್ಲಿ ಸವರುತ್ತ ಕೇಳಿದೆ. "ಆ ಮದುಮಗಳನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ ಅಮ್ಮ, ನಿಂಗೆ ಪರಿಮಳ ಬೇಕಾ ಅಂತ?"

ಅಪ್ಪ, "ಬಿಡೇ ಎಸ್ತ್ರೆಯಾ, ಮಗು ಆಸೆಪಟ್ಟು ತಂದಿದೆ" ಎಂದರು. ನಾನು ಬಿಡಲಿಲ್ಲ. ರೇಷ್ಮೆಯನ್ನು ನಾನೇ ಹಂಡೆಗೆ ಇಳಿಸಿ ಕೋಲಿನಿಂದ ಒತ್ತಿ ಹಿಡಿದೆ. ಅದು ಮೂರು ಸಲ ಗಾಳಿ ತುಂಬಿಕೊಂಡು ಮೇಲೆ ಬಂತು. ನೀನು ಬಾಗಿಲಲ್ಲಿ ನಿಂತು ನೋಡಿದೆ. ಅಳಲಿಲ್ಲ.

ಮದುವೆಯ ದಿನ ಚಪ್ಪರದ ಕೆಳಗೆ ನೀನು ನೀಲಿ ಉಟ್ಟು ನಿಂತಿದ್ದೆ. ಎಸ್ತ್ರೆಯಾಳ ಮನೆಯ ಶುದ್ಧಿ ನೋಡಿ, ಮಗಳ ಮದುವೆಗೂ ಕಟ್ಟಳೆ ಬಿಡಲಿಲ್ಲ ಎಂದು ಜನ ಹೊಗಳುತ್ತಾರೆ ಅಂದುಕೊಂಡಿದ್ದೆ. ಇಬ್ಬರು ಮುದುಕಿಯರು ಹೊಗಳಿದರು ಕೂಡ. ಮಿಕ್ಕವರಿಗೆ ನಮ್ಮ ಕಟ್ಟಳೆ ಏನು ಗೊತ್ತು. ಮದುಮಗಳು ಬಿಳಿ ಉಟ್ಟಿಲ್ಲ ಎಂಬುದಷ್ಟೇ ಅವರಿಗೆ ಕಂಡದ್ದು. ಮದುವೆಯಾದ ಮೂರನೆಯ ವಾರ ಬಾವಿಯ ಹತ್ತಿರ ಫೋರ್ತೂನಾ ಯಾರಿಗೋ ಹೇಳುತ್ತಿದ್ದಳು. ನಾನು ಗೋಡೆಯ ಈಚೆ ಕೊಡ ಹಿಡಿದು ನಿಂತಿದ್ದೆ.

"ತಾಯಿಗೆ ಗೊತ್ತಿಲ್ದೆ ಇರತ್ತಾ ಮಗಳ ವಿಷ್ಯ. ಬಿಳಿ ಉಡ್ಸೋಕೆ ಮನಸ್ಸು ಒಪ್ಪಿಲ್ಲ ಪಾಪ. ದೇವರ ಮುಂದೆ ಸುಳ್ಳಾಡ್ಬಾರ್ದು ಅಂತ ನೀಲಿ ಉಡ್ಸಿದಾಳೆ. ಅಷ್ಟಾದ್ರೂ ಪ್ರಾಮಾಣಿಕತೆ ಇದೆಯಲ್ಲ."

ಜೋಯಾ, ನನ್ನ ಪ್ರಾಮಾಣಿಕತೆಯನ್ನು ಅವಳು ಹೊಗಳುತ್ತಿದ್ದಳು. ಅದಕ್ಕೆ ಸಾಕ್ಷಿಯಾಗಿ ನಿನ್ನ ಮಾನವನ್ನು ಇಟ್ಟಿದ್ದಳು. ಗೋಡೆ ಸುತ್ತಿ ಹೋಗಿ, ಕಟ್ಟಳೆ ನನ್ನದು, ನನ್ನ ಹುಡುಗಿ ಹಾಲಿನಷ್ಟು ಶುದ್ಧ ಎಂದು ನಾಲ್ಕು ಮಾತು ಹೇಳಬೇಕಾಗಿತ್ತು. ನಾನು ಕೊಡ ತುಂಬಿಸಿಕೊಳ್ಳದೆ ಮನೆಗೆ ಬಂದೆ.

ನವೆಂಬರಿನಲ್ಲಿ, ಮದುವೆಯಾದ ಎಂಟನೆಯ ತಿಂಗಳಿಗೆ ನಿನ್ನ ಮಗ ಹುಟ್ಟಿದ. ನನ್ನ ಅಂಗೈಯಿಂದ ಮೊಣಕೈವರೆಗಿನ ಉದ್ದ ಇದ್ದ. ಕಣ್ಣಿದ್ದವರಿಗೆ ಅದು ದಿನ ತುಂಬದ ಮಗು ಎಂದು ಕಾಣುತ್ತಿತ್ತು. ಆದರೆ ನೀಲಿ ಉಡುಪನ್ನು ಮೊದಲೇ ಕಂಡಿದ್ದ ಕಣ್ಣುಗಳಿಗೆ ಬೆರಳು ಮಡಿಸಿ ಲೆಕ್ಕ ಹಾಕುವುದು ಸುಲಭವಾಯಿತು. ಫೋರ್ತೂನಾ ಮಗುವನ್ನು ಎತ್ತಿಕೊಳ್ಳಲಿಲ್ಲ. ನಿಸ್ಸೀಮ್ ತಾಯಿಯ ಹಿಂದೆಯೇ ಹೊರಗೆ ಹೋದ, ಅದು ಇನ್ನೂ ಕೆಟ್ಟದ್ದು. ನೀನು ನನ್ನ ಕಡೆ ನೋಡಿ ಕೇಳಿದೆ. "ಅಮ್ಮ, ನಮ್ಮ ಕಡೆ ಯಾರಿಗಾದ್ರೂ ಹೀಗೆ ಬೇಗ ಆಗಿತ್ತಾ? ಒಂದ್ಸಲ ಅವರಿಗೆ ಹೇಳು."

ನಾನು, ನನಗೆ ಗೊತ್ತಿಲ್ಲ ಎಂದೆ.

ಅದು ಸುಳ್ಳು. ಯಾಕೆ ಹೇಳಿದೆ ಎಂಬುದನ್ನು ಕೆಳಗೆ ಬರೆಯುತ್ತೇನೆ, ಧೈರ್ಯ ಬಂದರೆ.

ಮಗು ಹತ್ತೊಂಬತ್ತು ದಿನ ಇತ್ತು. ಮೂವತ್ತು ದಿನ ತುಂಬದ ಮಗುವಿಗೆ ಏಳು ದಿನ ನೆಲದ ಮೇಲೆ ಕೂತು ದುಃಖಿಸುವ ಕ್ರಮವಿಲ್ಲ ಎಂದು ರಬ್ಬಿ ಮೆಲ್ಲಗೆ ಹೇಳಿದರು. ಯಾರೂ ಮೊಟ್ಟೆ, ಬೇಯಿಸಿದ ಬೇಳೆ ತರಲಿಲ್ಲ. ಕನ್ನಡಿಗೆ ಬಟ್ಟೆ ಮುಚ್ಚಲಿಲ್ಲ. ನೀನು ಎದೆಹಾಲು ಕಟ್ಟಿಕೊಂಡು ಕುರ್ಚಿಯ ಮೇಲೆ ಕೂತಿದ್ದೆ, ಏಕೆಂದರೆ ನೆಲದ ಮೇಲೆ ಕೂರುವ ಹಕ್ಕು ನಿನಗಿರಲಿಲ್ಲ. ನಾನು ಅವನನ್ನು ತೊಳೆದು ಬಿಳಿ ಬಟ್ಟೆ ಸುತ್ತಿ ತಂದೆ. ನೀನು ಆ ಬಟ್ಟೆಯನ್ನು ಮುಟ್ಟಿ ನೋಡಿದೆ.

"ನಂಗೆ ಇಲ್ದೇ ಇದ್ದ ಬಿಳಿ ಬಟ್ಟೆ ನನ್ನ ಮಗೂಗೆ ಸಿಕ್ತಲ್ಲಮ್ಮ."

ಅಷ್ಟು ಹೇಳಿ ನೀನು ಬಾಗಿಲು ಹಾಕಿಕೊಂಡೆ. ಇವತ್ತು ಬೆಳಿಗ್ಗೆ ಗೇಟಿನ ಹತ್ತಿರದ ಮಾತಿನ ತನಕ ನನಗೆ ನಿನ್ನಿಂದ ಅದೇ ಕೊನೆಯ ಮಾತು. ಅವನನ್ನು ಆಲಿವ್ ಗುಡ್ಡದ ಮಕ್ಕಳ ಸಾಲಿನಲ್ಲಿ ಇಟ್ಟರು. ಆ ಗುಡ್ಡ ಐದು ವರ್ಷದಿಂದ ಗಡಿಯ ಆಚೆ ಹೋಗಿದೆ. ಈಗ ನಾವಿಬ್ಬರೂ ಅಲ್ಲಿಗೆ ಹೋಗುವಂತಿಲ್ಲ. ಶನಿವಾರ ಸಂಜೆ ನೀನು ಮಾಳಿಗೆ ಹತ್ತಿ ಆ ಕಡೆ ನೋಡುತ್ತ ನಿಲ್ಲುವುದನ್ನು ಕಂಡಿದ್ದೇನೆ. ನನ್ನ ಮಾಳಿಗೆಯಿಂದ ಗುಡ್ಡ ಕಾಣುವುದಿಲ್ಲ, ನೀನು ಕಾಣುತ್ತೀಯ.

ಈಗ ಇವತ್ತಿನ ಬೆಳಿಗ್ಗೆಗೆ ಬರುತ್ತೇನೆ. ವೀದಾ ಕಿಟಕಿಯಲ್ಲೇ ಹೇಳಿದಳು. "ನೀನು ಬರೋದು ಬೇಡ ಕಣೇ. ನಾವು ಮೂರು ಜನ ಇದ್ದೀವಿ. ಆಯಮ್ಮನ ಕಾಲು ತೊಳೆಯೋಕೆ ನಿನ್ನ ಕೈಯೇ ಆಗ್ಬೇಕಾ?"

"ಬರದೇ ಇದ್ರೆ ಜನ ಏನಂತಾರೆ?"

"ಏನಂತಾರೆ? ಎಸ್ತ್ರೆಯಾಗೂ ಹೊಟ್ಟೇಲಿ ಕರುಳಿದೆ ಅಂತಾರೆ. ಒಂದ್ಸಲ ಅನ್ನಿಸ್ಕೊ, ಸಾಯಲ್ಲ."

ಹೋದೆ. ಒಳ್ಳೆಯತನದಿಂದ ಹೋದೆ ಎಂದು ತಿಳಿಯಬೇಡ. ಜನ ಏನಂದಾರು ಎಂದೇ ಹೋದೆ. ಅರವತ್ತು ವರ್ಷ ದಾಟಿದ ಮೇಲೂ ನನ್ನ ಕಾಲುಗಳಿಗೆ ಬೇರೆ ದಾರಿ ಗೊತ್ತಿಲ್ಲ.

ಎರಡು ವರ್ಷದಿಂದ ಫೋರ್ತೂನಾ ಹಾಸಿಗೆಯಿಂದ ಏಳುತ್ತಿರಲಿಲ್ಲ ಎಂದು ಕೇಳಿದ್ದೆ. ಅಂಥವರ ಮೈ ಹೇಗಿರುತ್ತದೆ ಎಂದು ನನಗೆ ಗೊತ್ತು, ಮೂವತ್ತೆಂಟು ವರ್ಷದಿಂದ ತೊಳೆಯುತ್ತಿದ್ದೇನೆ. ಬೆನ್ನು, ಸೊಂಟ, ಹಿಮ್ಮಡಿ ಹುಣ್ಣಾಗಿ ಬಟ್ಟೆಗೆ ಅಂಟಿಕೊಂಡಿರುತ್ತದೆ. ಒಳ್ಳೆಯ ಮನೆಗಳಲ್ಲೂ ಹಾಗೆ. ಹೊದಿಕೆಯ ಮೇಲೆ ಕಸೂತಿ, ಕೆಳಗೆ ಹುಣ್ಣು. ಬಟ್ಟೆ ಮರೆಮಾಡಿಕೊಂಡೇ ನಾವು ಅವಳನ್ನು ಮಗ್ಗುಲಿಗೆ ಹೊರಳಿಸಿದೆವು. ಬೆನ್ನಿನ ಮೇಲೆ ಒಂದು ಗೀರಿಲ್ಲ. ಹಿಮ್ಮಡಿ ಮಗುವಿನ ಹಿಮ್ಮಡಿಯ ಹಾಗಿತ್ತು. ಉಗುರು ಕತ್ತರಿಸಿತ್ತು, ಕಿವಿಯ ಹಿಂದೆ ಶುಭ್ರವಾಗಿತ್ತು, ಮೈಯಲ್ಲಿ ಆಲಿವ್ ಎಣ್ಣೆಯ ವಾಸನೆ.

ವೀದಾ ನೀರಿನ ಜಗ್ಗು ಕೆಳಗಿಟ್ಟಳು. ಆಮೇಲೆ, "ಇದು ದಿನಕ್ಕೆ ನಾಲ್ಕು ಸಲ ಹೊರಳಿಸಿದ ಮೈ ಕಣೇ, ರಾತ್ರೀನೂ ಎದ್ದು" ಎಂದಳು.

ನಿನ್ನ ಬಗ್ಗೆ ಆಡಬಾರದ್ದನ್ನು ಆಡಿದವಳನ್ನು ಎರಡು ವರ್ಷ ಹಗಲೂ ರಾತ್ರಿ ಹೊರಳಿಸಿದ್ದೀಯ. ಓಣಿಯಲ್ಲಿ ಯಾರಿಗೂ ಹೇಳಿಲ್ಲ. ಸತ್ತ ಮೇಲೆ ನಾಲ್ಕು ಹೆಂಗಸರ ಕಣ್ಣಿಗೆ ಮಾತ್ರ ಬೀಳುವ ಕೆಲಸ ಅದು, ಅವರೂ ಕಂಡದ್ದನ್ನು ಬಾಯಿಬಿಟ್ಟು ಹೇಳಬಾರದೆಂಬ ನೇಮವಿರುವವರು. ನಾನು ಜೀವಮಾನವೆಲ್ಲ ಅಂಗಳಕ್ಕೆ ಕೈ ತೋರಿಸಿದೆ. ನೀನು ಯಾರೂ ನೋಡದ ಕಡೆ ಶುದ್ಧವಾಗಿದ್ದೆ. ನೇಮ ಮುರಿದು ಇದನ್ನು ನಿನಗೊಬ್ಬಳಿಗೆ ಬರೆಯುತ್ತಿದ್ದೇನೆ.

ತೊಳೆದಾದ ಮೇಲೆ ಸತ್ತವಳ ಹೆಸರು ಹಿಡಿದು ಕ್ಷಮೆ ಕೇಳುವುದಿದೆ. ಫೋರ್ತೂನಾ, ಲೇಯಾಳ ಮಗಳೇ, ನಿನ್ನ ಮಾನಕ್ಕೆ ನಮ್ಮಿಂದ ಏನಾದರೂ ಕುಂದು ಬಂದಿದ್ದರೆ ಕ್ಷಮಿಸು ಎಂದು. ಮೂವರೂ ಹೇಳಿದರು. ನನ್ನ ಬಾಯಿ ತೆರೆಯಲಿಲ್ಲ. ಅವಳೇ ನನ್ನ ಕ್ಷಮೆ ಕೇಳಬೇಕಾಗಿತ್ತಲ್ಲ ಎಂದುಕೊಂಡೆ. ಉಳಿದವರು ಕಾದರು.

ಆಗ ಅಜ್ಜಿಯ ಮಾತು ಅರ್ಥವಾಯಿತು. ಫೋರ್ತೂನಾ ತನ್ನ ಕಣ್ಣಿಗೆ ಕಂಡದ್ದನ್ನು ಹೇಳಿದಳು. ಅವಳಿಗೆ ಹಾಗೆ ಕಾಣುವಂತೆ ಮಾಡಿದವಳು ನಾನು. ಹದಿನೈದು ವರ್ಷ ಅವಳನ್ನು ದ್ವೇಷಿಸಿದ್ದೇನೆ, ಅದು ಎಲ್ಲಕ್ಕಿಂತ ಸುಲಭವಾಗಿತ್ತು. "ಫೋರ್ತೂನಾ, ಲೇಯಾಳ ಮಗಳೇ, ನನ್ನಿಂದ" ಎಂದೆ. ಮುಂದಿನದನ್ನು ಹೇಳಲಾಗಲಿಲ್ಲ. ವೀದಾ, "ಸಾಕು, ಅವಳಿಗೆ ಕೇಳಿಸ್ತು" ಎಂದು ನನ್ನ ಭುಜ ಮುಟ್ಟಿದಳು.

ಆ ಕೋಣೆಯಿಂದ ಹೊರಬಂದವಳಿಗೆ ನೀನು, ನಿನ್ನ ಕೈಯಲ್ಲಿ ಯಾವತ್ತೂ ಏನೂ ಇರಲಿಲ್ಲ ಎಂದೆ.

ನಿನಗೆ ನನ್ನ ಮೇಲೆ ಪ್ರೀತಿ ಉಳಿದಿಲ್ಲ ಎಂದು ಗೊತ್ತು. ಆದರೆ ಅಮ್ಮ ಕಠಿಣ, ಕಳ್ಳಿಯಲ್ಲ ಎಂಬ ಒಂದು ನಂಬಿಕೆ ನಿನ್ನಲ್ಲಿ ಉಳಿದಿದೆ ಎಂದು ಇವತ್ತೇ ತಿಳಿಯಿತು. ನನ್ನ ಪಾಲಿಗೆ ನಿನ್ನಲ್ಲಿ ಉಳಿದದ್ದು ಅಷ್ಟೇ. ಅದನ್ನು ಇಟ್ಟುಕೊಂಡು ಸಾಯಬಹುದಿತ್ತು. ಮಧ್ಯಾಹ್ನದಿಂದ ಅದನ್ನೇ ಯೋಚಿಸಿದೆ. ಎರಡು ಕಾಗದ ಹರಿದದ್ದು ಅದಕ್ಕೇ.

ನಿನಗೆ ಒಳ್ಳೆಯದಾಗಲಿ. ಈ ಏಳು ದಿನ ನೆಲದ ಮೇಲೆ ಕೂರುವವರಿಗೆ ಬಡಿಸುತ್ತ ನೀನು ಊಟ ಮಾಡುವುದನ್ನು ಮರೆಯಬೇಡ.

ನಿನ್ನ ಅಮ್ಮ
ಎಸ್ತ್ರೆಯಾ

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಸಹಿಯ ಮೇಲೆ ಬರೆಯಲು ಆಗಲಿಲ್ಲ.

ನೀಲಿ ಅಜ್ಜಿಯ ಕಟ್ಟಳೆಯಲ್ಲ. ಕೈ, ತೋಳು, ಜೇಬು ಅಜ್ಜಿಯದು. ನೀಲಿ ನನ್ನದು.

ನೀನು ಹುಟ್ಟಿದ್ದು ತುರ್ಕರ ಕಾಲದ ಕೊನೆಯ ಚಳಿಗಾಲದಲ್ಲಿ. ನಿನ್ನ ಅಪ್ಪನನ್ನು ಸೈನ್ಯದ ಕೂಲಿಗೆ ಹಿಡಿದುಕೊಂಡು ಹೋಗಿದ್ದರು. ಊರಲ್ಲಿ ಹಸಿವು, ಜ್ವರ. ಬೀಗದ ಕೈಯನ್ನು ನನಗೆ ಕೊಟ್ಟು ಹೆಣ ತೊಳೆಯಲು ಹೋದ ಅಜ್ಜಿ ಮೂರು ದಿನ ಮನೆಗೆ ಬಂದಿರಲಿಲ್ಲ. ನಾನೊಬ್ಬಳೇ ಬಟ್ಟೆ ಕೋಣೆಯಲ್ಲಿ ರೋಸಾ ಎಂಬ ಹೆಂಗಸಿಗೆ ಕೊನೆಯ ಉಡುಪು ಹೊಲಿಯುತ್ತಿದ್ದೆ. ಆಗ ನನಗೆ ಎಂಟನೆಯ ತಿಂಗಳು. ಅಲ್ಲೇ ನೆಲದ ಮೇಲೆ ನೀನು ಬಂದೆ. ನಿನ್ನ ಮಗನಷ್ಟೇ ಇದ್ದೆ. ಕಂಬಳಿಗಳನ್ನೆಲ್ಲ ಹಿಟ್ಟಿಗಾಗಿ ಮಾರಿಯಾಗಿತ್ತು. ನೀನು ನೀಲಿಗಟ್ಟುತ್ತಿದ್ದೆ. ರೋಸಾಳ ಹೊರಹೊದಿಕೆಗೆಂದು ಕತ್ತರಿಸಿಟ್ಟ ಬಟ್ಟೆಯನ್ನು ನಿನಗೆ ಸುತ್ತಿ ಎದೆಗೆ ಕಟ್ಟಿಕೊಂಡೆ. ನೀನು ಬದುಕಿದೆ. ರೋಸಾಳನ್ನು ಹೊರಹೊದಿಕೆ ಇಲ್ಲದೆ ಹೂಳಿದರು. ಬಟ್ಟೆ ಸಾಲಲಿಲ್ಲ ಎಂದು ಹೇಳಿ ಕಳಿಸಿದೆ.

ಅಜ್ಜಿ ಬರುವ ಮೊದಲು ಆ ಬಟ್ಟೆಯನ್ನು ನೀಲಿಯಲ್ಲಿ ಅದ್ದಿದೆ. ಮನೆಯಲ್ಲಿ ಅದೊಂದೇ ನೀಲಿ ಇದ್ದರೆ ಎದ್ದು ಕಾಣುತ್ತದೆ ಎಂದು ಮಿಕ್ಕದ್ದನ್ನೂ ಅದ್ದಿದೆ. ಸತ್ತವರ ಬಟ್ಟೆ ಎಂಬ ಅನುಮಾನ ಬರದಿರಲಿ ಎಂದು ಹೀಗೆ ಮಾಡಿದೆ ಅತ್ತೆ ಎಂದೆ. ಅಜ್ಜಿ ನನ್ನ ಹಣೆಗೆ ಮುತ್ತಿಟ್ಟು, "ನಂಗೇ ಹೊಳೀದಿದ್ದು ನಿಂಗೆ ಹೊಳೀತಲ್ಲೇ" ಎಂದಳು. ಆಮೇಲೆ ನಿಲ್ಲಿಸಲು ಆಗಲಿಲ್ಲ. ನಿನ್ನ ರೇಷ್ಮೆಯ ತನಕ ನಿಲ್ಲಿಸಲು ಆಗಲಿಲ್ಲ.

ಒಂದು ಜೀವ ಉಳಿಸಲು ಆ ಬಟ್ಟೆ ತೆಗೆದುಕೊಳ್ಳಬಹುದಿತ್ತು. ಯಾವ ರಬ್ಬಿಯನ್ನು ಕೇಳಿದ್ದರೂ ಜೀವ ಮೊದಲು ಎನ್ನುತ್ತಿದ್ದರು. ಅಜ್ಜಿಯಾಗಿದ್ದರೆ ತಾನೇ ಹರಿದುಕೊಡುತ್ತಿದ್ದಳು. ಕೆಲವು ವರ್ಷಗಳ ನಂತರ ಪ್ರಾರ್ಥನಾ ಮಂದಿರದಲ್ಲಿ ಹೆಂಗಸರ ಪರದೆಯ ಹಿಂದೆ ಕೂತು ಆ ನಿಯಮವನ್ನು ನಾನೇ ಕೇಳಿಸಿಕೊಂಡೆ. ಅಂದರೆ ತೆಗೆದುಕೊಂಡದ್ದು ಕಳವಲ್ಲ. ಮುಚ್ಚಿಟ್ಟದ್ದರಿಂದ ಅದು ಕಳವಾಯಿತು. ಆಗಲೂ ಬಾಯಿ ಬಿಡಲಿಲ್ಲ. ನಮ್ಮ ಕಡೆ ಯಾರಿಗಾದರೂ ಬೇಗ ಆಗಿತ್ತಾ ಎಂದು ನೀನು ಕೇಳಿದಾಗ, ನೀನೇ ಹಾಗೆ ಹುಟ್ಟಿದವಳು ಎಂದರೆ ಮುಂದಿನ ಪ್ರಶ್ನೆ ಬರುತ್ತದಲ್ಲ: ಎಲ್ಲಿ, ಯಾರಿದ್ದರು, ಏನು ಸುತ್ತಿದೆ. ಯಾರೂ ಕೇಳುತ್ತಿರಲಿಲ್ಲವೇನೋ. ಕದ್ದವಳ ಕಿವಿಗೆ ಎಲ್ಲ ಪ್ರಶ್ನೆಯೂ ಬಟ್ಟೆಯ ಪ್ರಶ್ನೆಯೇ.

ಇನ್ನೊಂದು ಇದೆ. ನಿನ್ನ ಮಗನಿಗೆ ಸುತ್ತಿದ ಬಟ್ಟೆ ಥಾನಿನಿಂದ ಕತ್ತರಿಸಿದ್ದಲ್ಲ. ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದ ನಿನ್ನ ಆ ಬಟ್ಟೆ. ನಿನ್ನ ಎಳವೆಯಲ್ಲಿ ತೊಳೆದು ತೊಳೆದು, ಆಮೇಲೆ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಹಾಕಿ, ನೀಲಿಯೆಲ್ಲ ಹೋಗಿ ಮತ್ತೆ ಬಿಳಿಯಾಗಿತ್ತು. ಸತ್ತವರದನ್ನು ಸತ್ತವರಿಗೆ ಹಿಂದಿರುಗಿಸಿದೆ ಎಂದು ನನ್ನನ್ನು ನಾನು ನಂಬಿಸಿಕೊಂಡೆ. ನಿನಗಿಲ್ಲದ ಬಿಳಿ ಬಟ್ಟೆ ಅವನಿಗೆ ಸಿಕ್ಕಿತು ಎಂದೆಯಲ್ಲ, ಅದು ನ್ಯಾಯವಾದ ಮಾತು, ಆದರೆ ಅದು ನಿನ್ನದೇ ಬಟ್ಟೆ ಮಗಳೇ. ನೀನು ಉಟ್ಟ ಒಂದೇ ಒಂದು ಬಿಳಿ ಅದು. ಅವನು ಅದನ್ನು ಉಟ್ಟುಕೊಂಡು ಹೋದ.

ನಾಳೆ ಗುರುವಾರ. ಬೆಳಿಗ್ಗೆ ಎಂಟಕ್ಕೆ ವೀದಾ ಬರುತ್ತಾಳೆ. ಬಟ್ಟೆ ಕೋಣೆಯ ಬೀಗದ ಕೈಯನ್ನು ಅವಳಿಗೆ ಒಪ್ಪಿಸಿ, ಈ ಪತ್ರವನ್ನೂ ಅವಳ ಕೈಯಲ್ಲೇ ಕಳಿಸುತ್ತೇನೆ.